ಆ ಮರದ ಸಸಿ

ಅತ್ತೆಯವರಿಗೆ ನಮಸ್ಕಾರ.

ಮುಂದಿನ ವಾರ ನಿಮ್ಮ ಬೀದಿಯ ಉದ್ದಕ್ಕೂ ಹೂವಿನ ಮರದ ಸಸಿಗಳನ್ನು ನೆಡುತ್ತಾರೆ. ಅವು ನಮ್ಮ ಪ್ರಯೋಗಾಲಯದಲ್ಲಿ ಬೆಳೆದವು. ನಿಮ್ಮ ಮಗನ ಮೇಲೆ ಕೊಂಬೆ ಮುರಿದುಬಿದ್ದ ಆ ಮರದವೇ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದೆಂದು ಬರೆಯುತ್ತಿದ್ದೇನೆ.

ಆ ಮರ ಕಡಿಯುವ ಮೊದಲು ನಮ್ಮ ಪ್ರಯೋಗಾಲಯದ ಸಾಹೇಬರು ಅದರ ಚಿಗುರು ತರಿಸಿದ್ದರು. ಅಂಥ ಹೂವಿನ ಬಣ್ಣ ಬೇರೆಲ್ಲೂ ಇಲ್ಲವಂತೆ. ಬಾಟಲಿಯಲ್ಲಿಟ್ಟ ಚಿಗುರುಗಳು ಕಪ್ಪಾಗಿ ಸಾಯುತ್ತಲೇ ಇದ್ದವು. ನಾನು ಬಾಟಲಿಯಲ್ಲಿ ಅವುಗಳಿಗೆ ಹಾಕುವ ಆಹಾರಕ್ಕೆ ಇದ್ದಿಲ ಪುಡಿ ಬೆರೆಸಿ, ಕೆಲವು ದಿನ ಕತ್ತಲಲ್ಲಿಟ್ಟು ನೋಡಿದೆ. ಬೇರು ಬಿಟ್ಟವು. ಆ ಸುದ್ದಿ ಕೇಳಿ ನೀವು, "ನನ್ನ ಮಗನ್ನ ಕೊಂದ ಮರಕ್ಕೆ ಬಾಟಲಿ ಹಾಲು ಕುಡಿಸ್ತೀಯೇನೇ?" ಎಂದಿರಿ. ಅಂದಿನಿಂದ ನನ್ನೊಡನೆ ಮಾತಿಲ್ಲ. ಎದುರಿಗಿದ್ದ ಜೀವವನ್ನು ಸಾಯಲು ಬಿಡಲು ನನಗೆ ಮನಸ್ಸು ಬರಲಿಲ್ಲ, ಅತ್ತೆ.

ಬೀಜದಿಂದ ಹುಟ್ಟಿದ್ದರೆ ಅದರ ಮಕ್ಕಳೆನ್ನಬಹುದಿತ್ತು. ಚಿಗುರಿನಿಂದ ಎದ್ದ ಇವು ಅದೇ ಮರ. ಮುಚ್ಚಿದ ಬಾಟಲಿಯೊಳಗೆ ಗಾಳಿಯಾಡುವುದಿಲ್ಲ. ಆದರೂ ಇವು ಬಾಟಲಿಯಲ್ಲಿದ್ದಾಗ ನಾನು ಕೋಣೆಗೆ ಕಾಲಿಟ್ಟರೆ ಎಲೆಗಳು ಅಲುಗುತ್ತಿದ್ದವು. ಜೊತೆಗೆ ಕೆಲಸ ಮಾಡುವವಳಿಗೆ ಹೇಳಿದರೆ, "ಸ್ವಲ್ಪ ನಿದ್ದೆ ಮಾಡಕ್ಕಾ" ಅಂದಳು.

ನಿಮ್ಮ ಗೇಟಿನ ಮುಂದೆ ಮಾತ್ರ ಬೇಡವೆಂದು ಸಸಿ ನೆಡುವ ಮಾಲಿಯನ್ನು ಕೇಳಿಕೊಂಡೆ. "ಸಾಲಲ್ಲಿ ಒಂದು ಹಲ್ಲು ಬಿದ್ದಂಗೆ ಕಾಣುತ್ತಮ್ಮಾ, ಆಗಲ್ಲ" ಎಂದ.

ನೀವು ಅದನ್ನು ಕಿತ್ತುಹಾಕಿದರೆ ನನಗೆ ಬೇಸರವಿಲ್ಲ. ಒಬ್ಬರೇ ಮಾತ್ರ ಕೀಳಬೇಡಿ. ಒಂದು ಫೋನ್ ಮಾಡಿ, ನಾನೂ ಬಂದು ಕೈ ಹಾಕುತ್ತೇನೆ.

ಇಂತಿ,
ಈಗಲೂ ನಿಮ್ಮ ಸೊಸೆ