ಮಂಗಳವಾರ, ಶುಕ್ರವಾರ, ಹತ್ತೂವರೆಗೆ

ತಾರಮಂಗಲಂ
12-3-2003

ಶಶಿಕಲಕ್ಕನಿಗೆ ತಮ್ಮ ಪ್ರಭಾಕರನ ನಮಸ್ಕಾರ.

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಮೆಟ್ಟೂರಿನಲ್ಲಿ ಭಾವ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. 

ನನ್ನ ಬ್ರೌಸಿಂಗ್ ಸೆಂಟರ್ ನಿನಗೆ ಗೊತ್ತಲ್ಲ. ಮೂರು ಕಂಪ್ಯೂಟರ್, ಮೂರಕ್ಕೂ ಸೇರಿ ಒಂದೇ ಮೋಡೆಮ್, ಒಂದೇ ಫೋನ್ ಲೈನ್. ಅಮ್ಮನ ಹನ್ನೊಂದನೇ ದಿನಕ್ಕೂ ನಿಲ್ಲದೆ ಓಡಿಬಂದು ತೆರೆದ ಅಂಗಡಿ. ಅದಕ್ಕೇ ತಾನೆ ಅಪ್ಪ, "ನಾನಾಗಿ ಕರೆಯೋಗಂಟ ಈ ಒಸ್ತಿಲು ತುಳೀಬೇಡ ಕಣ್ಲಾ" ಅಂದಿದ್ದು? ಅಮ್ಮನ ವರ್ಷದ ಎಡೆಗಾದರೂ ಕರೆಯುತ್ತಾನೆಂದು ಸಂಕ್ರಾಂತಿಯಿಂದ ಕಾದೆ. ನಾನೂ ಅವನ ಮಗನೇ, ಕರೆಯದೆ ಹೋಗುವವನಲ್ಲ.

ಫೆಬ್ರವರಿಯಲ್ಲಿ ಒಂದು ಪೀಡೆ ಶುರುವಾಯಿತು. ಕೆಲವು ದಿನ ಹತ್ತೂವರೆಗೆ ಸರಿಯಾಗಿ ಇಂಟರ್‌ನೆಟ್ ಕಡಿದುಹೋಗುವುದು. ಮೋಡೆಮ್ ತಕ್ಷಣ ತಾನೇ ಮತ್ತೆ ಡಯಲ್ ಮಾಡುವುದು, ಅಷ್ಟರಲ್ಲಿ ಮೇಲ್ ಬರೆಯುತ್ತಿದ್ದ ಗಿರಾಕಿ ಗೊಣಗುತ್ತ ಎದ್ದಿರುವನು. ವೈರ್ ಬದಲಿಸಿದೆ, ಮೋಡೆಮ್ ಬದಲಿಸಿದೆ. ಕುಣಿಯಲಾರದವನಿಗೆ ನೆಲ ಡೊಂಕು, ಪಕ್ಕದ ಶಕ್ತಿವೇಲ್‌ನ ಮಗ್ಗದ ಮೋಟಾರೇ ಕಾರಣವೆಂದು ಜಗಳಕ್ಕೂ ನಿಂತೆ. ಕಡಿದ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಬಂದೆ.

ಕಳೆದ ಶುಕ್ರವಾರ ಬೆಳಿಗ್ಗೆ ಎಕ್ಸ್‌ಚೇಂಜಿನ ಕಾರ್ತಿಕೇಯನ್ ಬಂದ. ಲೈನಿನಲ್ಲಿ ಕಾಲ್ ವೇಟಿಂಗ್ ಇದೆ, ಯಾರಾದರೂ ಫೋನ್ ಮಾಡಿದರೆ ಒಳಗೆ ಬೀಪ್ ಎನ್ನುತ್ತದೆ, ಅದಕ್ಕೇ ಕನೆಕ್ಷನ್ ಬಿಟ್ಟುಹೋಗುತ್ತದೆ ಎಂದ. ಯಾವುದೋ ರಾಂಗ್ ನಂಬರ್ ಇರಬೇಕೆಂದು ಕಾಲ್ ವೇಟಿಂಗನ್ನು ಆಗಲೇ ತೆಗೆಸಿಬಿಟ್ಟೆ. ಅಪ್ಪ ಜನ್ಮದಲ್ಲಿ ಫೋನ್ ಮುಟ್ಟಿದವನಲ್ಲ, ಅವನ ನೆನಪೇ ಬರಲಿಲ್ಲ.

ನಿನ್ನೆ ದೊಡ್ಡಪ್ಪನ ಮಗ ಮಲ್ಲಪ್ಪ ಬಂದ. ಕೂತುಕೊಳ್ಳಲೂ ಇಲ್ಲ.

"ಏನ್ಲಾ, ಅಷ್ಟು ತಿಮಿರಾ ನಿಂಗೆ? ಮಂಡಿಗೆ ಟೊಮೇಟೊ ಆಕಿ ಬರೋವಾಗೆಲ್ಲ ನಿಮ್ಮಪ್ಪ ಪಾಲಕೋಡ್ ಬೂತಲ್ಲಿ ನಿಂತ್ಕಂಡು ಎಡೆಗೆ ಕರೆಯಾಕೆ ಪೋನ್ ಮಾಡ್ದ. ರಿಂಗ್ ಓಯ್ತದೆ, ಕಟ್ ಆಯ್ತದೆ. ಮಗ ಕಟ್ ಮಾಡ್ಬುಟ್ಟ ಅಂತ ತಲೆ ತಗ್ಸ್ಕಂಡು ಬತ್ತಾನೆ."

ಅಕ್ಕಾ, ಎದ್ದು ಹೋಗಿ ಕ್ಯಾಲೆಂಡರ್ ನೋಡಿದೆ. ಒಂಬತ್ತು ಗೀಟು, ಎಲ್ಲವೂ ಮಂಗಳವಾರ, ಶುಕ್ರವಾರ. ನಮ್ಮ ಮನೆ ಟೊಮೇಟೊ ಮಂಡಿಗೆ ಹೋಗುವ ದಿನ! ಒಂಬತ್ತು ಸಲ ಅಪ್ಪ ನನ್ನನ್ನು ಕರೆದಿದ್ದ, ನಾನು ಸ್ಕ್ರೂಡ್ರೈವರ್ ಹಿಡಿದು ಅದನ್ನೇ ರಿಪೇರಿ ಮಾಡುತ್ತಿದ್ದೆ. ಇನ್ನೂ ನಂಬಲಾಗುತ್ತಿಲ್ಲ.

ಭಾನುವಾರ ಊರಿಗೆ ಹೋದಾಗ ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳು. ಬೀಪು ಗೀಪು ಅರ್ಥವಾಗದಿದ್ದರೂ ಸರಿ, ನಾನು ಕಟ್ ಮಾಡಲಿಲ್ಲ ಎನ್ನುವುದಷ್ಟು ಅರ್ಥವಾಗಲಿ. ಬಾ ಎಂದರೆ ಅವತ್ತೇ ಬಸ್ ಹತ್ತುತ್ತೇನೆ. ಮಕ್ಕಳಿಗೆ ಮಾವನ ಆಶೀರ್ವಾದ, ಚೆನ್ನಾಗಿ ಓದಲಿ.

ನಿನ್ನ ತಮ್ಮ,
ಪ್ರಭಾಕರ

ತಾ.ಕ.: ಇದೊಂದನ್ನು ಅಪ್ಪನಿಗೆ ಓದಬೇಡ. ಶುಕ್ರವಾರ ಹತ್ತೂವರೆ ದಾಟಿದರೂ ಲೈನ್ ಕಡಿಯಲಿಲ್ಲವೆಂದು ಕುಣಿದಾಡಿ, ಶಕ್ತಿವೇಲ್‌ನನ್ನೂ ಕರೆದು ಮೈಸೂರ್‌ಪಾಕ್ ಹಂಚಿದೆ. ಆಗ ಅಪ್ಪ ಬೂತಿನಲ್ಲೇ ಒಂದು ಗಂಟೆ ನಿಂತಿದ್ದನಂತೆ. ಕಾಲ್ ವೇಟಿಂಗ್ ತೆಗೆಸಿದ ಲೈನಲ್ಲವೇ, ಬರೀ ಎಂಗೇಜ್. ಕೊನೆಗೆ ರಿಸೀವರ್ ಇಟ್ಟು ಮಲ್ಲಪ್ಪನಿಗೆ, "ನಿಮ್ ಚಿಕ್ಕವ್ವಂಗೆ ಎಡೆ ನೀನೇ ಇಟ್ಬುಡ್ಲಾ, ನಮ್ಮವ್ನು ಬರಾಕಿಲ್ಲ" ಅಂದನಂತೆ. ಸೋಮವಾರ ಮಲ್ಲಪ್ಪನೇ ಎಡೆ ಇಟ್ಟಿದ್ದನ್ನು ನೀನೇ ನೋಡಿರುತ್ತೀ. ಅಪ್ಪ ಆ ಮಾತು ಹೇಳುವಾಗ ನನ್ನ ಬಾಯಲ್ಲಿ ಮೈಸೂರ್‌ಪಾಕ್ ಇತ್ತು, ಅಕ್ಕಾ.