ಇರಲಿ ಕಪಾಟು ಖಾಲಿ ಮಾಡಿಸಿದವರಿಗೆ

ನೂರಕ್ಕೆ ತೊಂಬತ್ತೆಂಟು ಅಂಕ ಗಳಿಸಿದ ಆಸ್ಪತ್ರೆ ಸರಬರಾಜು ಅಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಲು ಕೈ ಬರಲಿಲ್ಲ. ಕ್ಷಮಿಸಬೇಡಿ. ನಿಮ್ಮ ಉಗ್ರಾಣದಿಂದ ಬರಬೇಕಿದ್ದ ಒಂದು ಫಿಲ್ಟರ್ ಬಾರದೆ ನನ್ನ ತಂಗಿ ಸತ್ತಳು. ನಿಮ್ಮ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಬೇಡಿಕೆ ರದ್ದು’ ಎಂದಿದೆ. ಆ ಎರಡು ಪದಗಳಿಗಾಗಿ ಈ ಪತ್ರ. ನಿಮ್ಮ ಟಪಾಲಿಗೆ ಹಾಕಿದರೆ ಇದೂ ರದ್ದಾಗುತ್ತದೆ ಎಂದು ಪೇಪರಿಗೆ ಕೊಟ್ಟಿದ್ದೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದೇ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಪೆಟ್ಟಿಗೆ ಹೊತ್ತೆ. ‘ಅಪಾಯ ನಿರ್ವಹಣೆ’ ಎಂಬ ದೊಡ್ಡ ಮಾತು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾಗಿಲ ಹಿಂದಿನ ಒಂದು ತುಕ್ಕು ಹಿಡಿದ ಕಪಾಟು. ಯಾವ ಸಾಮಾನು ಬಂದರೂ ಹಳೆಯ ಸ್ಟೋರ್ ಕೀಪರು ಅದರಲ್ಲಿ ಎರಡನ್ನು ತೆಗೆದು ‘ಇರಲಿ’ ಎಂದು ಅಲ್ಲಿಡುತ್ತಿದ್ದರು. ಲಾರಿ ಕೆಡಬಹುದು, ಇರಲಿ. ಸೇತುವೆ ಕುಸಿಯಬಹುದು, ಇರಲಿ. ಕಾರ್ಖಾನೆಯವನು ಸುಳ್ಳು ಹೇಳಬಹುದು, ಹೇಳಿಯೇ ಹೇಳುತ್ತಾನೆ, ಇರಲಿ. ಅದಕ್ಕೆ ‘ಇರಲಿ ಕಪಾಟು’ ಎಂದೇ ಹೆಸರು ಬಿತ್ತು. ನನ್ನ ತಂಗಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಎಲ್ಲರಿಗೂ ಹಾಕುವ, ರಕ್ತ ಸೋಸುವ ಫಿಲ್ಟರ್ ಅವಳ ಮೈಗೆ ಒಗ್ಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಅವಳದು ಬೇರೆಯೇ ಬಗೆಯದು. ಅಂಥವೂ ಎರಡು ಆ ಕಪಾಟಿನಲ್ಲಿದ್ದವು.

ಆಮೇಲೆ ನೀವು ದಯಮಾಡಿಸಿದಿರಿ. ಆರು ತಿಂಗಳಿಂದ ಅಲುಗಾಡದ ಸಾಮಾನು ಉಗ್ರಾಣಕ್ಕೆ ಹಿಡಿದ ರೋಗ ಎಂದಿರಿ. ಇನ್ನು ಒಬ್ಬನೇ ಸರಬರಾಜುದಾರ, ಬೇಕಾದ ದಿನಕ್ಕೆ ಬೇಕಾದಷ್ಟೇ ಮಾಲು. ಬಾಯಾರಿದಾಗ ಬಾವಿ ತೋಡುವುದನ್ನು ಹಿರಿಯರು ದಡ್ಡತನ ಎಂದರು. ನೀವು ಅದಕ್ಕೆ ದಕ್ಷತೆ ಎಂದು ಹೆಸರಿಟ್ಟಿರಿ. ಆ ಸರಬರಾಜುದಾರನ ಮುಂದೆ ‘ಅಪಾಯ: ಕಡಿಮೆ’ ಎಂದು ಹಸಿರು ಬಣ್ಣ ಬಳಿಸಿದಿರಿ. ಯಾವ ಆಧಾರದ ಮೇಲೆ? ಈವರೆಗೆ ಒಮ್ಮೆಯೂ ತಪ್ಪಿಲ್ಲ ಎಂಬ ಆಧಾರದ ಮೇಲೆ. ಸಾಯುವ ಹಿಂದಿನ ದಿನದವರೆಗೆ ಯಾವ ಮನುಷ್ಯ ತಾನೆ ಸತ್ತಿದ್ದಾನೆ ಸ್ವಾಮಿ?

ಕಪಾಟು ಖಾಲಿ ಮಾಡಿದ್ದು ನಾನೇ. ನಿವೃತ್ತಿಗೆ ಒಂದು ವಾರ ಉಳಿದಿತ್ತು, ಜಗಳ ಯಾಕೆ ಎಂದುಕೊಂಡೆ. ತಂಗಿಯ ಎರಡೂ ಫಿಲ್ಟರುಗಳನ್ನು ಈ ಕೈಯಿಂದಲೇ ವಾಪಸ್ ಹೋಗುವ ಲಾರಿಗೆ ಹಾಕಿದೆ. ಹಾಗಾಗಿ ನಿಮ್ಮನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ. ಆ ಅರ್ಧವನ್ನು ಪೂರ್ತಿ ಬಳಸುತ್ತಿದ್ದೇನೆ.

ನಾಲ್ಕು ತಿಂಗಳಿಗೆ ನಿಮ್ಮ ಆ ಒಬ್ಬನೇ ಸರಬರಾಜುದಾರನ ಕಾರ್ಖಾನೆಯಲ್ಲಿ ತಂಗಿಯ ಬಗೆಯ ಫಿಲ್ಟರ್ ಮಾಡುವ ಯಂತ್ರ ಕೆಟ್ಟಿತು. ಸೋಮವಾರ ಫಿಲ್ಟರ್ ಬರಲಿಲ್ಲ. ಬುಧವಾರವೂ ಇಲ್ಲ. ಪಕ್ಕದ ಊರಿನ ಆಸ್ಪತ್ರೆಗೆ ಓಡಿದೆ; ಅವರಿಗೂ ಅವನೇ ಗತಿ. ಗುರುವಾರದ ಹೊತ್ತಿಗೆ ತಂಗಿಯ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

“ಊರೋರ್ದೆಲ್ಲ ಹೊತ್ತೆ, ನಂದೊಂದು ತರೋಕಾಗ್ಲಿಲ್ವಲ್ಲೋ ಅಣ್ಣ,” ಎಂದಳು. “ಇನ್ನು ನನ್ನನ್ನೇ ಹೊರು. ಮೈಯೆಲ್ಲ ನೀರು, ಭಾರ ಇದ್ದೀನಿ, ಸೊಂಟ ನೋಡ್ಕೋ.”

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೋದಳು. ಶನಿವಾರ ಲಾರಿ ಬಂತು.

ಹದಿನೈದು ದಿನ ಬಿಟ್ಟು ನಿಮ್ಮ ಕಚೇರಿಗೆ ಬಂದೆ. ಗೋಡೆಯ ಮೇಲೆ ಆ ತಿಂಗಳ ವಿಶ್ವಾಸಾರ್ಹತೆ ತೂಗುಹಾಕಿತ್ತು: ನೂರು ಬೇಡಿಕೆಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ತೊಂಬತ್ತೆಂಟು. ಹಿಂದಿನ ತಿಂಗಳಿಗಿಂತ ಒಂದು ಹೆಚ್ಚು. ಉಳಿದ ಎರಡರಲ್ಲಿ ನನ್ನ ತಂಗಿ ಇದ್ದಾಳೆಯೇ ಎಂದು ಕೇಳಿದೆ. ನಿಮ್ಮ ಗುಮಾಸ್ತೆ ಇನ್ನೂ ಸುಳ್ಳು ಕಲಿತಿಲ್ಲ, ಪಾಪ. “ಇಲ್ಲ ಅಜ್ಜ, ರೋಗಿ ತೀರಿಕೊಂಡ್ರೆ ಬೇಡಿಕೆ ತಾನೇ ರದ್ದಾಗುತ್ತೆ. ರದ್ದಾಗಿದ್ದು ತಡ ಅಂತ ಲೆಕ್ಕಕ್ಕೆ ಬರಲ್ಲ,” ಎಂದಳು.

ಅಂದರೆ ಒಂದು ದಿನ ತಡವಾದರೆ ನಿಮ್ಮ ಅಂಕ ಇಳಿಯುತ್ತದೆ. ರೋಗಿ ಸಾಯುವಷ್ಟು ತಡವಾದರೆ ಇಳಿಯುವುದಿಲ್ಲ. ಈ ಅಳತೆಗೋಲನ್ನು ಕಡೆದವರು ಯಾರು? ಹೀಗೇ ನಡೆಸಿ, ವಾರ್ಡು ಪೂರ್ತಿ ಖಾಲಿಯಾದ ತಿಂಗಳು ನಿಮ್ಮದು ಒಂದೂ ತಪ್ಪಿಲ್ಲದ ಆಸ್ಪತ್ರೆ. ಸನ್ಮಾನದ ದಿನ ಚಪ್ಪಾಳೆ ತಟ್ಟಲು ಒಬ್ಬಿಬ್ಬರು ರೋಗಿಗಳನ್ನು ಉಳಿಸಿಕೊಂಡಿರಿ.

ಆಗ ನೀವು ತಲೆಯೆತ್ತಿ ನೋಡಿದಿರಿ. “ಆಗಿದ್ದು ಆಯ್ತು, ಇರಲಿ ಬಿಡಿ ಯಜಮಾನ್ರೇ,” ಎಂದಿರಿ. ಆ ಮಾತು ನಿಮ್ಮ ಬಾಯಿಯದಲ್ಲ. ಅದನ್ನು ನೀವೇ ಲಾರಿಗೆ ಹೇರಿಸಿ ಕಳಿಸಿದ್ದೀರಿ. ಇರಲಿ ಎನ್ನಬೇಕಾದದ್ದು ಸಾವಿಗೆ ಮುಂಚೆ.

ಕಪಾಟನ್ನು ಮತ್ತೆ ತುಂಬಿಸಿ. ಹೊರಲು ಆಳಿಲ್ಲ ಎಂದರೆ ನಾನೇ ಹೊರುತ್ತೇನೆ, ಸೊಂಟ ಗಟ್ಟಿಯಿದೆ. ಆಮೇಲೆ ನಿಮ್ಮ ಕೈಯಾರೆ, ಗುಮಾಸ್ತೆಯ ಕೈಯಿಂದಲ್ಲ, ಆ ಪಟ್ಟಿಯಲ್ಲಿ ‘ಬೇಡಿಕೆ ರದ್ದು’ ಎಂಬುದನ್ನು ಹೊಡೆದುಹಾಕಿ ‘ಬರಲಿಲ್ಲ’ ಎಂದು ಬರೆಯಿರಿ. ಏಕೆಂದರೆ ಅವಳು ಏನನ್ನೂ ರದ್ದು ಮಾಡಿರಲಿಲ್ಲ. ಶುಕ್ರವಾರ ಒಂಬತ್ತೂವರೆಗೂ “ಬಂತೇನೋ?” ಎಂದು ಕೇಳಿದ್ದಳು.

ಇಂತಿ, ತಮ್ಮ ವಿಶ್ವಾಸಿಯಲ್ಲದ,
ರದ್ದಾದ ಬೇಡಿಕೆಯ ಅಣ್ಣ