ಅಜ್ಜಿಯ ಉಂಗುರದ ಕಲ್ಲು

ಮನೆಯಿಂದ,
ನವೆಂಬರ್ ೧೪, ಶುಕ್ರವಾರ ಸಂಜೆ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೆ? ಆ ಮಹಡಿಯ ಬಾಡಿಗೆ ಕೋಣೆಯ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಬ್ರೆಡ್ಡು ತಿಂದು ದಿನ ತಳ್ಳುತ್ತೀಯೋ? ಈ ಅಕ್ಕನ ಫೋನನ್ನೂ ನೀನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕಬೇಡ, ಪೂರ್ತಿ ಓದು.

ಅಮ್ಮ ಕೊನೆಗೂ ಅಜ್ಜಿಯ ಉಂಗುರವನ್ನು ನನ್ನ ಕೈಗೆ ಕೊಟ್ಟಳು. ನೀನು ಅದನ್ನು ತೊಳೆಸಿಕೊಂಡು ತಂದ ಮೇಲೆ ವಜ್ರ ಮುಟ್ಟಿದರೆ ಕೂಗುವ ಚಿನ್ನದಂಗಡಿಯವನ ಯಂತ್ರ ಅದನ್ನು ಮುಟ್ಟಿಯೂ ಕೂಗಲಿಲ್ಲ. ಅವನು ‘ವಜ್ರ ಅಲ್ಲ, ನಕಲಿ’ ಅಂದದ್ದೇ ತಡ, ಅಪ್ಪ ‘ಅಸಲಿ ಕಲ್ಲು ಎಲ್ಲಿ ಮಾರಿದೆ?’ ಎಂದು ನಿನ್ನ ಮೇಲೆ ಹಾರಿಬಿದ್ದರು. ನೀನು ಬ್ಯಾಗು ಹಿಡಿದು ಹೊರಟ ದಿನವೇ ಅಮ್ಮ ಉಂಗುರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಾನು ನೋಡುತ್ತೇನೆ ಕೊಡು ಎಂದು ಎಷ್ಟು ಕೇಳಿದರೂ ‘ಬೇಡ ಕಣೇ, ಅವಳೇ ಮಾಡಿದ್ದು ಅಂತ ಗೊತ್ತಾಗ್ಬಿಟ್ರೆ ನಾನು ಹೇಗೆ ಇರ್ಲಿ?’ ಎನ್ನುತ್ತಿದ್ದಳು.

ದಿನಾ ಯಾರ್ಯಾರದೋ ಕಲ್ಲು ಪರೀಕ್ಷೆ ಮಾಡುವ ನಾನು ನಿನ್ನೆ ಲ್ಯಾಬಿನಲ್ಲಿ ನಮ್ಮದನ್ನೇ ಪರೀಕ್ಷೆಗಿಟ್ಟೆ. ಮಸೂರದಲ್ಲಿ ನೋಡಿದರೆ ಕಲ್ಲಿನೊಳಗೆ ಹಿಂಬದಿಯ ಅಂಚುಗಳು ಒಂದೊಂದೂ ಎರಡೆರಡಾಗಿ ಕಂಡವು. ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ಮೊಯ್ಸನೈಟ್ ಎಂಬ ಕಾರ್ಖಾನೆಯ ಕಲ್ಲಿನಲ್ಲಿ ಕಾಣುತ್ತದೆ. ಅದು ಅಜ್ಜಿಯ ಕಾಲದಲ್ಲಿ ಅಂಗಡಿಗೇ ಬಂದಿರಲಿಲ್ಲ. ಹಾಗಿದ್ದರೆ ಯಾರೋ ಬದಲಾಯಿಸಿದ್ದಾರೆ! ಉಂಗುರವನ್ನು ಅಲ್ಲೇ ಇಟ್ಟು ಹೊರಗೆ ಹೋಗಿ ನೀರು ಕುಡಿದು ಬಂದೆ. ಆಗ ತಲೆ ಓಡಿತು. ಮೊಯ್ಸನೈಟೂ ವಜ್ರದಂತೆಯೇ ಶಾಖ ಹರಿಸುತ್ತದೆ, ಅದೇ ಆಗಿದ್ದರೆ ಶಾಖ ಅಳೆಯುವ ಅಂಗಡಿಯವನ ಯಂತ್ರ ಮೋಸಹೋಗಿ ವಜ್ರವೆಂದೇ ಕೂಗಬೇಕಿತ್ತಲ್ಲ? ಇನ್ನು ಎಲ್ಲರೂ ಡೂಪ್ಲಿಕೇಟು ವಜ್ರವೆನ್ನುವ ಅಗ್ಗದ ಕ್ಯೂಬಿಕ್ ಜಿರ್ಕೋನಿಯಾ ಎನ್ನೋಣವೆಂದರೆ ಅದರಲ್ಲಿ ಅಂಚು ಎರಡಾಗುವುದಿಲ್ಲ. ನಮ್ಮ ಮೇಡಂ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಕೊಳವೆಯಲ್ಲಿ ನೋಡಿ, ‘ಈ ಸಣ್ಣ ಕಪ್ಪು ಗೆರೆ ನೋಡು. ಇದು ಜಿರ್ಕಾನ್. ನೆಲದಲ್ಲೇ ಹುಟ್ಟಿದ್ದು’ ಎಂದರು. ಅದರ ಅಂಚುಗಳು ಸವೆದಿವೆ. ಅದನ್ನು ಹಿಡಿದಿರುವ ಚಿನ್ನದ ಹಲ್ಲುಗಳೂ ಕಲ್ಲಿನ ಜೊತೆಗೇ ಸವೆದಿವೆ, ಒಂದನ್ನೂ ಎತ್ತಿ ಬಗ್ಗಿಸಿದ ಗುರುತಿಲ್ಲ. ಅಜ್ಜಿ ವಜ್ರವೆಂದು ನಂಬಿ ತೊಟ್ಟದ್ದು ಮೊದಲಿನಿಂದಲೂ ಇದೇ ಕಲ್ಲು, ಪುಟ್ಟೀ. ಯಾರೂ ಏನನ್ನೂ ಬದಲಾಯಿಸಿಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ ‘ಜಿರ್ಕಾನಾ? ಅದೇ ಅಲ್ವೇನೇ ಡೂಪ್ಲಿಕೇಟು?’ ಎಂದು ಕುಸಿದು ಕೂತಳು. ಹೆಸರು ಮಾತ್ರ ಹತ್ತಿರ, ಅದು ಬೇರೆ ಇದು ಬೇರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು ಗೋಡೆಯ ಕಡೆ ತಿರುಗಿಕೊಂಡರು. ‘ಮಾರಿಲ್ಲ ಅಂತ ಅವಳು ಹೇಳ್ತಾನೇ ಇದ್ಲು’ ಎಂದರು, ಅಷ್ಟೇ. ರಾತ್ರಿಯೆಲ್ಲ ಅವರು ಮಗ್ಗುಲು ಬದಲಾಯಿಸುತ್ತಲೇ ಇದ್ದರು. ನೀನು ಕ್ಷಮಿಸದಿದ್ದರೆ ಏನು ಗತಿಯೆಂದು ನನಗೂ ನಿದ್ದೆ ಬರಲಿಲ್ಲ.

ಅಮ್ಮನ ಆಶೀರ್ವಾದ, ನನ್ನ ಮುತ್ತು. ಬೆಚ್ಚಗೆ ಇರು.

ನಿನ್ನ
ಅಕ್ಕ

ತಾ.ಕ.: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಇದನ್ನು ತರುತ್ತಿರುವುದು ಅಪ್ಪ. ‘ಬಾಗಿಲ ಸಂದಿಯಲ್ಲಿ ತೂರಿಸಿ ಬಂದ್ಬಿಡ್ತೀನಿ, ಯಾವ ಮುಖ ಇಟ್ಕೊಂಡು ಮಾತಾಡ್ಲಿ’ ಎನ್ನುತ್ತಿದ್ದಾರೆ. ಮಂಡಿನೋವಲ್ಲವೇ, ಮೆಟ್ಟಿಲು ಇಳಿಯುವುದು ನಿಧಾನ. ಬೇಗ ಓಡು, ಕರೆ.